ಕೆರಳಿದ ಕುದುರೆಯೂ ಸವಾರನ ಕೈಯೂ

ನಮ್ಮ ಮನೆಗಳಲ್ಲಿ ಮಾತು ಕಲಿಯುವ ವಯಸ್ಸಿನಲ್ಲೇ ಮಕ್ಕಳ ಬಾಯಿಗೆ ಬರುವ ದುಆಗಳಲ್ಲಿ ವಾಹನವೇರುವಾಗಿನ ದುಆ ಒಂದು. ಸೂರಃ ಅಝ್ಝುಖ್ರುಫ್‌ನಿಂದ ಬಂದ ಆ ವಾಕ್ಯವನ್ನು ನಾವು ಬಸ್ಸಿನ ಮೆಟ್ಟಿಲಲ್ಲಿಯೂ ವಿಮಾನದ ಆಸನದಲ್ಲಿಯೂ ಹೇಳಿಕೊಳ್ಳುತ್ತೇವೆ. ಇದನ್ನು ನಮಗೆ ಅಧೀನಗೊಳಿಸಿದವನು ಪರಮ ಪಾವನನು, ನಮ್ಮ ಸ್ವಂತ ಬಲದಿಂದ ಇದನ್ನು ಹಿಡಿತಕ್ಕೆ ತರಲು ನಮ್ಮಿಂದ ಆಗುತ್ತಿರಲಿಲ್ಲ ಎಂಬುದು ಅದರ ತಾತ್ಪರ್ಯ. ಕೀಲಿಕೈ ತಿರುಗಿಸಿದೊಡನೆ ಹೊರಡುವ ಯಂತ್ರದ ಮೇಲೆ ಕುಳಿತವನಿಗೆ ಈ ಎರಡನೆಯ ಮಾತಿನ ಭಾರ ಅಷ್ಟಾಗಿ ತಿಳಿಯದು. ಆದರೆ ಅದನ್ನು ಮೊದಲು ಕೇಳಿಸಿಕೊಂಡವರು ಜೀವವುಳ್ಳ ಬೆನ್ನಿನ ಮೇಲೆ ಕುಳಿತಿದ್ದವರು. ಆ ಬೆನ್ನು ಒಮ್ಮೆ ಬಿಲ್ಲಿನಂತೆ ಬಾಗಿ ಮೇಲಕ್ಕೆ ಚಿಮ್ಮಿದರೆ ಎಂತಹ ವೀರನೂ ಮಣ್ಣು ಮುಕ್ಕಬೇಕಾದೀತೆಂಬುದು ಅವರಿಗೆ ಅನುಭವದಿಂದ ಗೊತ್ತಿತ್ತು.

ಮಾತು ಕೇಳದ ಕುದುರೆಯನ್ನು ನಮ್ಮ ಪೂರ್ವಿಕರು ಹೇಗೆ ಕಂಡರು, ಅದರೊಡನೆ ಹೇಗೆ ವರ್ತಿಸಿದರು ಎಂಬುದನ್ನು ಇಲ್ಲಿ ಸ್ವಲ್ಪ ನೋಡೋಣ. ವಿಷಯ ಕುದುರೆಯದೇ ಆದರೂ, ಪ್ರಶ್ನೆ ಮಾತ್ರ ಮನುಷ್ಯನನ್ನು ಕುರಿತದ್ದು: ಪ್ರಾಣಿ ಕೆರಳಿದಾಗ ತಪ್ಪು ಯಾರದು?

ಅರಬರ ಭಾಷೆಯಲ್ಲಿ ಹಟಮಾರಿ ಕುದುರೆಗೆ ಒಂದೇ ಹೆಸರಿಲ್ಲ. ಲಗಾಮನ್ನು ಲೆಕ್ಕಿಸದೆ ಓಡಿಹೋಗುವುದು ‘ಜಮೂಹ್’. ನಿಂತಲ್ಲೇ ನಿಂತು ಕದಲದಿರುವುದು ‘ಹರೂನ್’. ಮೈಮುಟ್ಟಗೊಡದೆ, ಏರಗೊಡದೆ ಚಡಪಡಿಸುವುದು ‘ಶಮೂಸ್’. ಒದೆಯುವುದಕ್ಕೆ, ಕಚ್ಚುವುದಕ್ಕೆ, ಮುಂಗಾಲೆತ್ತಿ ನಿಲ್ಲುವುದಕ್ಕೆ, ಜಿಗಿದು ಸವಾರನನ್ನು ಕೊಡವುವುದಕ್ಕೆ ಬೇರೆ ಬೇರೆ ಪದಗಳಿವೆ. ನಮಾಝಿನಲ್ಲಿ ಸಲಾಮ್ ಹೇಳುವಾಗ ಕೈಗಳನ್ನು ಅತ್ತಿತ್ತ ಬೀಸುತ್ತಿದ್ದವರನ್ನು ಪ್ರವಾದಿ(ಸ)ರು ತಿದ್ದಿದಾಗ ಬಳಸಿದ ಹೋಲಿಕೆಯೂ ಇದೇ ಲಾಯದಿಂದ ಬಂದದ್ದು. ಆ ಕೈಗಳು ಶಮೂಸ್ ಕುದುರೆಗಳ ಬಾಲಗಳಂತೆ ಕಾಣುತ್ತಿವೆ ಎಂಬ ಭಾವದ ಮಾತು ಸಹೀಹ್ ಮುಸ್ಲಿಮ್‌ನಲ್ಲಿದೆ. ಕೇಳಿದವರಿಗೆ ವಿವರಣೆ ಬೇಕಾಗಿರಲಿಲ್ಲ. ಅಂತಹ ಬಾಲವನ್ನು ಪ್ರತಿಯೊಬ್ಬರೂ ನೋಡಿದ್ದರು.

ಇಷ್ಟೊಂದು ಹೆಸರುಗಳಿರುವುದು ಬರಿಯ ಭಾಷಾ ವೈಭವವಲ್ಲ. ಓಡಿಹೋಗುವ ಕುದುರೆಗೂ ಕದಲದ ಕುದುರೆಗೂ ಒಂದೇ ಮದ್ದು ಸಲ್ಲದು. ದೋಷವನ್ನು ಬೇರ್ಪಡಿಸಿ ಹೆಸರಿಟ್ಟವನಿಗಷ್ಟೇ ಅದರ ಕಾರಣವನ್ನು ಹುಡುಕಲು ಸಾಧ್ಯ. ‘ಕೆಟ್ಟ ಕುದುರೆ’ ಎಂದು ಒಟ್ಟಾಗಿ ಕರೆದುಬಿಟ್ಟವನ ಕೈಯಲ್ಲಿ ಉಳಿಯುವುದು ಚಾಬೂಕು ಮಾತ್ರ.

ಹಝ್ರತ್ ಆಯಿಶಾ(ರ)ರ ಪ್ರಸಂಗ ನಮ್ಮ ಓದುಗರಲ್ಲಿ ಹಲವರಿಗೆ ತಿಳಿದದ್ದೇ. ಅವರು ಏರಿದ್ದ ಒಂಟೆ ಒರಟು ಸ್ವಭಾವದ್ದಾಗಿತ್ತು. ಅವರು ಅದನ್ನು ಅತ್ತಿಂದಿತ್ತ ಬಲವಾಗಿ ತಿರುಗಿಸತೊಡಗಿದಾಗ, ಸೌಮ್ಯತೆಯನ್ನು ಕೈಬಿಡದಂತೆ ಪ್ರವಾದಿ(ಸ)ರು ಅವರಿಗೆ ಹೇಳಿದರು. ಸೌಮ್ಯತೆಯ ಕುರಿತಾದ ಆ ಹದೀಸನ್ನು ನಾವು ಮದುವೆಯ ಖುತ್ಬಾದಲ್ಲೂ ಮಕ್ಕಳ ಪಾಲನೆಯ ಭಾಷಣಗಳಲ್ಲೂ ಆಗಾಗ ಕೇಳುತ್ತೇವೆ. ಅದು ಹುಟ್ಟಿದ ಸಂದರ್ಭಗಳಲ್ಲೊಂದು ಮಾತು ಕೇಳದ ಸವಾರಿ ಪ್ರಾಣಿಯ ಬೆನ್ನು ಎಂಬುದನ್ನು ಮಾತ್ರ ಬಹಳಷ್ಟು ಸಲ ಮರೆಯುತ್ತೇವೆ. ಒಂಟೆ ಸಾಧುವಾಗಿದ್ದಾಗ ಸೌಮ್ಯವಾಗಿರುವುದು ಯಾರಿಗೂ ಕಷ್ಟವಲ್ಲ.

ಉಸೈದ್ ಬಿನ್ ಹುದೈರ್(ರ)ರ ಕುದುರೆಯ ಕತೆ ಇನ್ನೂ ಸೊಗಸಾದದ್ದು. ಒಂದು ರಾತ್ರಿ ಅವರು ಸೂರಃ ಅಲ್‌ಬಖರಃ ಪಾರಾಯಣ ಮಾಡುತ್ತಿದ್ದರು. ಪಕ್ಕದಲ್ಲಿ ಕುದುರೆ ಕಟ್ಟಿತ್ತು. ಇದ್ದಕ್ಕಿದ್ದಂತೆ ಅದು ಗಾಬರಿಗೊಂಡು ಕುಣಿಯತೊಡಗಿತು. ಅವರು ಓದು ನಿಲ್ಲಿಸಿದರು, ಕುದುರೆಯೂ ಶಾಂತವಾಯಿತು. ಮತ್ತೆ ಓದಿದರು, ಮತ್ತೆ ಕೆರಳಿತು. ಹೀಗೆ ಮತ್ತೆ ಮತ್ತೆ ಆದಾಗ, ಹತ್ತಿರದಲ್ಲೇ ಮಲಗಿದ್ದ ಮಗ ಯಹ್ಯಾನನ್ನು ಅದು ತುಳಿದೀತೆಂಬ ಭಯದಿಂದ ಅವರು ಪಾರಾಯಣವನ್ನೇ ನಿಲ್ಲಿಸಿ ಮಗನನ್ನು ದೂರ ಸರಿಸಿದರು. ತಲೆಯೆತ್ತಿ ನೋಡಿದರೆ ಆಕಾಶದಲ್ಲಿ ದೀಪಗಳಂತಹವುಗಳಿಂದ ಕೂಡಿದ ಮೋಡದಂತಹ ಒಂದು ನೆರಳು. ಬೆಳಗ್ಗೆ ವಿಷಯ ತಿಳಿಸಿದಾಗ, ಅದು ಅವರ ಧ್ವನಿಗೆ ಕಿವಿಗೊಟ್ಟು ಹತ್ತಿರ ಬಂದ ಮಲಕುಗಳೆಂದು ಪ್ರವಾದಿ(ಸ)ರು ವಿವರಿಸಿದರು. ಸಹೀಹ್ ಬುಖಾರಿಯಲ್ಲಿರುವ ಈ ವರದಿಯನ್ನು ಕುರ್‌ಆನ್ ಪಾರಾಯಣದ ಶ್ರೇಷ್ಠತೆಗಾಗಿ ಉಲ್ಲೇಖಿಸುವುದು ರೂಢಿ, ಅದು ಸರಿಯೂ ಹೌದು. ಆದರೆ ಕುದುರೆ ಸಾಕುವವನ ಕಣ್ಣಿನಿಂದ ಓದಿದರೆ ಇನ್ನೊಂದು ಸಂಗತಿ ಕಾಣುತ್ತದೆ. ಆ ರಾತ್ರಿ ಕುದುರೆ ಕೆರಳಿದ್ದು ಸುಮ್ಮನೆ ಅಲ್ಲ. ಯಜಮಾನನಿಗಿಂತ ಮೊದಲೇ ಅದು ಏನನ್ನೋ ಕಂಡಿತ್ತು. ಉಸೈದ್(ರ)ರು ಅದಕ್ಕೆ ಹೊಡೆಯಲಿಲ್ಲ. ಓದುವುದು, ನಿಲ್ಲಿಸುವುದು, ಗಮನಿಸುವುದು ಇಷ್ಟನ್ನೇ ಮಾಡಿದರು.

ಸವಾರನ ಯೋಗ್ಯತೆಯಿಂದ ಕುದುರೆಯ ಯೋಗ್ಯತೆ ಬದಲಾಗುವುದಕ್ಕೆ ಅಬೂತಲ್ಹಾ(ರ)ರ ‘ಮಂದೂಬ್’ ಎಂಬ ಕುದುರೆ ಸಾಕ್ಷಿ. ಅದು ನಿಧಾನಗತಿಯದು ಎಂದೇ ಹೆಸರಾಗಿತ್ತು. ಒಂದು ರಾತ್ರಿ ಮದೀನಾದಲ್ಲಿ ದೊಡ್ಡ ಸದ್ದಾಗಿ ಜನ ಹೆದರಿ ಹೊರಬಂದಾಗ, ಪ್ರವಾದಿ(ಸ)ರು ಆಗಲೇ ಸದ್ದಿನ ದಿಕ್ಕಿಗೆ ಹೋಗಿ ನೋಡಿ ಹಿಂದಿರುಗುತ್ತಿದ್ದರು. ಅವರು ಏರಿದ್ದುದು ಅದೇ ಕುದುರೆ, ಅದೂ ಜೀನಿಲ್ಲದ ಬರಿಬೆನ್ನಿನ ಮೇಲೆ, ಕೊರಳಲ್ಲಿ ಖಡ್ಗ ತೂಗಿಕೊಂಡು. ಹೆದರಬೇಡಿರೆಂದು ಜನರಿಗೆ ಧೈರ್ಯ ಹೇಳಿ, ಕುದುರೆಯನ್ನು ಸಾಗರಕ್ಕೆ ಹೋಲಿಸಿ ಹೊಗಳಿದರು. ಆ ಬಳಿಕ ಅದನ್ನು ಹಿಂದಿಕ್ಕುವ ಕುದುರೆ ಇರಲಿಲ್ಲವೆಂದು ಅನಸ್(ರ)ರು ಹೇಳುತ್ತಾರೆ.

ಇಷ್ಟು ಓದಿ, ಆ ಪೀಳಿಗೆಯವರೆಲ್ಲ ಹುಟ್ಟು ಸವಾರರು ಎಂದು ಭಾವಿಸಬಾರದು. ಜರೀರ್ ಬಿನ್ ಅಬ್ದುಲ್ಲಾ ಅಲ್‌ಬಜಲಿ(ರ)ರು ತಮ್ಮ ಕುಲದ ಮುಖಂಡರು. ಆದರೂ ಕುದುರೆಯ ಮೇಲೆ ತಾವು ಸ್ಥಿರವಾಗಿ ಕೂರಲಾರೆ ಎಂದು ಪ್ರವಾದಿ(ಸ)ರ ಬಳಿ ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡರು. ಪ್ರವಾದಿ(ಸ)ರು ಅವರ ಎದೆಗೆ ತಟ್ಟಿ, ಅವರನ್ನು ಸ್ಥಿರಗೊಳಿಸುವಂತೆ ಅಲ್ಲಾಹನಲ್ಲಿ ಪ್ರಾರ್ಥಿಸಿದರು. ಅಹ್ಮಸ್ ಕುಲದ 150 ಸವಾರರ ಮುಂದಾಳಾಗಿ ಅವರು ಹೊರಟದ್ದು ಈ ಪ್ರಾರ್ಥನೆಯ ನಂತರ. ಸ್ವತಃ ಪ್ರವಾದಿ(ಸ)ರೂ ಒಮ್ಮೆ ಕುದುರೆಯಿಂದ ಬಿದ್ದು ಬಲಭಾಗಕ್ಕೆ ತರಚುಗಾಯವಾಗಿ, ಕುಳಿತುಕೊಂಡೇ ನಮಾಝ್ ನಿರ್ವಹಿಸಿದ ವರದಿ ಬುಖಾರಿಯಲ್ಲಿದೆ. ಕುಳಿತು ನಮಾಝ್ ಮಾಡುವ ಇಮಾಮರನ್ನು ಅನುಸರಿಸುವ ನಿಯಮದ ಚರ್ಚೆಗಾಗಿ ಫಿಕ್‌ಹ್‌ನ ವಿದ್ವಾಂಸರು ಆ ವರದಿಯನ್ನು ಶತಮಾನಗಳಿಂದ ಓದುತ್ತಾ ಬಂದಿದ್ದಾರೆ. ಬಿದ್ದದ್ದಕ್ಕಾಗಿ ಕುದುರೆಗೆ ಶಿಕ್ಷೆಯಾದ ಸುದ್ದಿ ಅದರಲ್ಲಿಲ್ಲ.

ಖಲೀಫಾ ಉಮರ್(ರ)ರ ಎರಡು ಪ್ರಸಂಗಗಳನ್ನು ಇಲ್ಲಿ ಸೇರಿಸಬೇಕು. ಜೆರುಸಲೇಮಿನ ಕಡೆಗೆ ಹೊರಟ ಪ್ರಸಿದ್ಧ ಪ್ರಯಾಣದಲ್ಲಿ, ಶಾಮ್ ಪ್ರದೇಶದಲ್ಲಿ ಅವರಿಗೆ ಒಂದು ‘ಬಿರ್ಝೌನ್’, ಅಂದರೆ ಅರಬ್ ತಳಿಯಲ್ಲದ ಕುದುರೆಯನ್ನು ತಂದುಕೊಟ್ಟರು. ಏರಿದೊಡನೆ ಅದು ಬಿಂಕದಿಂದ ಕುಣಿಕುಣಿದು ನಡೆಯತೊಡಗಿತು. ಉಮರ್(ರ)ರು ಕೂಡಲೇ ಇಳಿದುಬಿಟ್ಟರು. ಚರಿತ್ರೆಕಾರರು ಈ ಘಟನೆಯನ್ನು ಬೇರೆ ಬೇರೆ ವಿವರಗಳೊಂದಿಗೆ ಬರೆದಿದ್ದಾರೆ. ನಮ್ಮ ಮನಸ್ಸನ್ನು ಹಿಡಿಯುವ ಸಂಗತಿ ಎಂದರೆ, ಅವರ ಬೇಸರದ ಮಾತು ಕುದುರೆಗೆ ಈ ಜಂಬದ ನಡೆಯನ್ನು ಕಲಿಸಿದವನ ಕಡೆಗೆ ತಿರುಗಿತ್ತು ಎಂಬುದು. ಪ್ರಾಣಿಯ ದುರಭ್ಯಾಸದ ಹಿಂದೆ ಒಬ್ಬ ಗುರು ಇರುತ್ತಾನೆ.

ಇನ್ನೊಂದು ಪ್ರಸಂಗ ವ್ಯಾಪಾರದ್ದು. ಒಬ್ಬನಿಂದ ಕುದುರೆಯೊಂದನ್ನು ಪರೀಕ್ಷೆಗೆಂದು ಪಡೆದು ಉಮರ್(ರ)ರು ಸವಾರಿ ಮಾಡಿಸಿದಾಗ ಅದಕ್ಕೆ ಪೆಟ್ಟಾಯಿತು. ಮರಳಿಸಲು ಹೋದರೆ ಮಾಲೀಕ ಒಪ್ಪಲಿಲ್ಲ. ಇಬ್ಬರೂ ಶುರೈಹ್‌ರನ್ನು ಮಧ್ಯಸ್ಥರನ್ನಾಗಿ ಮಾಡಿಕೊಂಡರು. ಕೊಂಡದ್ದನ್ನು ಇಟ್ಟುಕೊಳ್ಳಿ, ಇಲ್ಲವೇ ಪಡೆದ ಸ್ಥಿತಿಯಲ್ಲೇ ಮರಳಿಸಿ ಎಂದು ಶುರೈಹ್ ಖಲೀಫಾರ ವಿರುದ್ಧವೇ ತೀರ್ಪಿತ್ತರು. ಆ ನ್ಯಾಯನಿಷ್ಠೆಗೆ ಮೆಚ್ಚಿ ಉಮರ್(ರ)ರು ಅವರನ್ನು ಕೂಫಾದ ಖಾಝಿಯಾಗಿ ನೇಮಿಸಿದರು.

ಕುದುರೆ ವ್ಯಾಪಾರದಲ್ಲಿ ಮೋಸಕ್ಕೆ ಎಡೆ ಬಹಳ. ಸಂತೆಯ ದಿನ ದಣಿಸಿ ತಂದ ಕುದುರೆ ಕುರಿಯಂತೆ ನಿಲ್ಲುತ್ತದೆ. ಕೊಂಡವನ ಮನೆಯಲ್ಲಿ ಎರಡು ದಿನ ಮೇವು ತಿಂದು ವಿಶ್ರಮಿಸಿದ ಮೇಲೆ ಅದರ ನಿಜಗುಣ ಹೊರಬರುತ್ತದೆ. ಅದಕ್ಕೇ ಫುಖಹಾಗಳು ಪ್ರಾಣಿಗಳ ಮಾರಾಟದಲ್ಲಿ ಅಡಗಿಸಿಟ್ಟ ದೋಷಗಳನ್ನು ಕುರಿತು ಎಚ್ಚರದಿಂದ ಬರೆದರು. 1277ರಲ್ಲಿ ನಿಧನರಾದ ಇಮಾಮ್ ನವವಿಯವರ ‘ಮಿನ್‌ಹಾಜ್’ ಗ್ರಂಥವು, ಖರೀದಿಯನ್ನು ರದ್ದುಪಡಿಸಲು ಅವಕಾಶ ಕೊಡುವ ದೋಷಗಳಲ್ಲಿ ಪ್ರಾಣಿಯು ಹತೋಟಿ ಮೀರಿ ಓಡುವುದನ್ನೂ ಕಚ್ಚುವುದನ್ನೂ ಸೇರಿಸುತ್ತದೆ. ಶಾಫಿಈ ಮದ್‌ಹಬನ್ನು ಅನುಸರಿಸುವ ನಮ್ಮ ಕರಾವಳಿಯವರಿಗೆ ಈ ಗ್ರಂಥ ಅಪರಿಚಿತವಲ್ಲ. ಇಂದು ಓದುವ ವಿದ್ಯಾರ್ಥಿಗೆ ಆ ಎರಡು ಪದಗಳು ಹಳೆಯ ಕಾಲದ ಉದಾಹರಣೆಯಾಗಿ ಕಂಡಾವು. ಆದರೆ ಭಟ್ಕಳದಂತಹ ಬಂದರಿನಲ್ಲಿ ಒಂದು ಕಾಲಕ್ಕೆ ಅವು ದಿನನಿತ್ಯದ ಕಾನೂನು.

ಸವಾರಿಯ ವಿದ್ಯೆಯನ್ನು ಶಾಸ್ತ್ರವನ್ನಾಗಿಸಿದವರು ಅಬ್ಬಾಸೀಯರ ಕಾಲದವರು. ‘ಫುರೂಸಿಯ್ಯಾ’ ಎಂದು ಕರೆಯಲಾಗುವ ಈ ವಿದ್ಯೆಯ ಕುರಿತು ನಮಗೆ ದೊರೆತಿರುವ ಅತಿ ಹಳೆಯ ಗ್ರಂಥಗಳಲ್ಲಿ, 892ರಿಂದ 902ರವರೆಗೆ ಆಳಿದ ಖಲೀಫಾ ಅಲ್‌ಮುಅತದಿದ್‌ರ ಕಾಲದ ಇಬ್ನು ಅಖೀ ಹಿಝಾಮ್‌ರ ಕೃತಿ ಪ್ರಮುಖವಾದದ್ದು. ಸವಾರಿ ಮತ್ತು ಪಶುವೈದ್ಯ ಎರಡನ್ನೂ ಒಂದೇ ಗ್ರಂಥದಲ್ಲಿ ತಂದದ್ದು ಅದರ ವಿಶೇಷ. ಕಲಿಯುವವನು ಮೊದಲು ಬರಿಬೆನ್ನಿನ ಮೇಲೆ ಕೂರಲು ಕಲಿಯಬೇಕು, ಆ ಅಡಿಪಾಯವಿಲ್ಲದವನ ಆಸನ ಎಂದಿಗೂ ಭದ್ರವಲ್ಲ ಎಂಬುದು ಅವರ ನಿಲುವು. ಇದರ ಹಿಂದಿನ ತರ್ಕ ಸರಳವಾದದ್ದು. ಜೀನು ಮತ್ತು ರಿಕಾಪಿನ ಆಸರೆಯಲ್ಲೇ ಬೆಳೆದ ಸವಾರ, ಕುದುರೆ ಜಿಗಿದಾಗ ಲಗಾಮಿಗೆ ಜೋತುಬೀಳುತ್ತಾನೆ. ಲಗಾಮಿನ ತುದಿಯಲ್ಲಿರುವುದು ಕುದುರೆಯ ಬಾಯೊಳಗಿನ ಕಬ್ಬಿಣದ ಕಡಿವಾಣ. ನೋವಿನಿಂದ ಕುದುರೆ ಇನ್ನೂ ಎತ್ತರಕ್ಕೆ ಜಿಗಿಯುತ್ತದೆ, ಸವಾರ ಇನ್ನೂ ಬಿಗಿಯಾಗಿ ಎಳೆಯುತ್ತಾನೆ. ಇಬ್ಬರಲ್ಲಿ ಯಾರು ಮೊದಲು ಕೆರಳಿದರು ಎಂದು ಆಮೇಲೆ ಹೇಳುವುದು ಕಷ್ಟ.

ಪಶುವೈದ್ಯವನ್ನು ಜೊತೆಗಿಟ್ಟದ್ದಕ್ಕೂ ಅರ್ಥವಿದೆ. ಜೀನಿನಡಿಯಲ್ಲಿ ಕಾಣದಂತೆ ಬೆಳೆದ ಹುಣ್ಣು, ಹೆಗಲ ಮೇಲಿನ ಏಣನ್ನು ಒತ್ತುವ ಮರದ ಚೌಕಟ್ಟು, ಅತಿಯಾಗಿ ಬಿಗಿದ ಹೊಟ್ಟೆಪಟ್ಟಿ, ಚೂಪಾದ ದವಡೆಹಲ್ಲು, ಗೊರಸಿನ ನೋವು ಇವುಗಳಲ್ಲಿ ಯಾವುದಾದರೊಂದು ಇದ್ದರೂ ಸಾಧುವಾದ ಕುದುರೆಯೇ ಬೆನ್ನು ಬಾಗಿಸಿ ಚಿಮ್ಮುತ್ತದೆ. ಕೆಲಸವಿಲ್ಲದೆ ಲಾಯದಲ್ಲಿ ನಿಂತು ಹೊಟ್ಟೆ ತುಂಬ ಧಾನ್ಯ ತಿಂದ ಕುದುರೆಯೂ ಹಾಗೆ ಮಾಡುತ್ತದೆ, ಆದರೆ ಅದು ನೋವಿನ ಕೂಗಲ್ಲ, ಕೊಬ್ಬಿನ ಕುಣಿತ. ಮೊದಲನೆಯದಕ್ಕೆ ಜೀನನ್ನು ಇಳಿಸಿ ಬೆನ್ನು ತಡವಿ ನೋಡಬೇಕು. ಎರಡನೆಯದಕ್ಕೆ ಮೇವನ್ನು ಅಳತೆಯಲ್ಲಿಟ್ಟು ದಿನವೂ ನಡೆಸಬೇಕು. ನೋವಿನ ಕುದುರೆಗೆ ಏಟು ಕೊಟ್ಟವನು ನೋವಿಗೆ ನೋವನ್ನು ಕೂಡಿಸುತ್ತಾನೆ ಅಷ್ಟೆ. ಹಸಿವಿನಿಂದಲೂ ದಣಿವಿನಿಂದಲೂ ಕಣ್ಣೀರಿಟ್ಟ ಒಂಟೆಯ ತಲೆಯ ಹಿಂಭಾಗವನ್ನು ಸವರಿ ಸಂತೈಸಿ, ಅದರ ಯಜಮಾನನಾದ ಅನ್ಸಾರಿ ಯುವಕನಿಗೆ ಅಲ್ಲಾಹನ ಭಯವನ್ನು ನೆನಪಿಸಿದ ಪ್ರವಾದಿ(ಸ)ರ ಪ್ರಸಂಗ ಅಬೂದಾವೂದ್‌ನಲ್ಲಿದೆ. ಈ ಬೈತಾರರು, ಅಂದರೆ ಪಶುವೈದ್ಯರು, ಅದೇ ದಾರಿಯಲ್ಲಿ ನಡೆದವರು.

ಮಮ್ಲೂಕರ ಈಜಿಪ್ಟಿನಲ್ಲಿ ಈ ವಿದ್ಯೆ ಶಿಖರ ಮುಟ್ಟಿತು. ಕೈರೋದ ಕೋಟೆಯಲ್ಲಿ ಹೊಸ ಹುಡುಗರು ಮೊದಲು ನಿರ್ಜೀವ ಮಾದರಿ ಕುದುರೆಯ ಮೇಲೆ ಹಾರಿ ಕೂರುವುದನ್ನು ಕಲಿಯುತ್ತಿದ್ದರು. ತಪ್ಪು ಹೆಜ್ಜೆಯ ಭಾರ ಜೀವಂತ ಕುದುರೆಯ ಮೇಲೆ ಬೀಳುತ್ತಿರಲಿಲ್ಲ. ಸುಲ್ತಾನ್ ಅನ್ನಾಸಿರ್ ಮುಹಮ್ಮದ್ ಬಿನ್ ಖಲಾವೂನ್ (ನಿಧನ 1341) ಕುದುರೆಗಳ ವಂಶಾವಳಿಯನ್ನು ಬಾಯಿಪಾಠವಾಗಿ ಬಲ್ಲವನೆಂದು ಹೆಸರಾದವನು. ಅವನ ಲಾಯದ ವೈದ್ಯ ಅಬೂಬಕರ್ ಬಿನ್ ಬದ್ರ್ ಬರೆದ, ‘ಅನ್ನಾಸಿರೀ’ ಎಂದೇ ಪ್ರಸಿದ್ಧವಾದ ಅಶ್ವಗ್ರಂಥ 1852ರಿಂದ 1860ರ ನಡುವೆ ಫ್ರೆಂಚಿಗೆ ಅನುವಾದವಾಯಿತು.

ನಮ್ಮ ನೆಲಕ್ಕೂ ಈ ಕತೆಯ ಒಂದು ಎಳೆ ಇದೆ. ಹದಿನೈದನೆಯ ಶತಮಾನದ ಆದಿಯಲ್ಲಿ, ಅಹ್ಮದ್ ಶಾ ವಲೀ ಬಹಮನಿಗಾಗಿ ಅಬ್ದುಲ್ಲಾ ಬಿನ್ ಸಫೀ ಎಂಬ ವಿದ್ವಾಂಸ ಗುಲ್ಬರ್ಗದಲ್ಲಿ ಕುಳಿತು ಸಂಸ್ಕೃತದ ಶಾಲಿಹೋತ್ರವನ್ನು ಫಾರ್ಸಿಗೆ ತಂದ. ಕುದುರೆಯ ಬೇನೆ ಯಾವ ಭಾಷೆಯಲ್ಲಿ ವಿವರಿಸಲ್ಪಟ್ಟಿದೆ ಎಂಬುದು ಅವರಿಗೆ ಅಡ್ಡಿಯಾಗಲಿಲ್ಲ. ಜೀನು, ಲಗಾಮು, ರಿಕಾಪು, ಚಾಬೂಕು, ಸವಾರ ಎಂಬ ಪದಗಳು ಕನ್ನಡದ ಬಾಯಲ್ಲಿ ನೆಲೆಸಿದ್ದೂ ಇಂತಹ ಒಡನಾಟದಿಂದಲೇ.

ಅರಬ್ ಮತ್ತು ಹುರ್ಮುಝ್‌ನ ಕುದುರೆಗಳು ಹಡಗಿನಲ್ಲಿ ಭಟ್ಕಳದ ಕಡೆಗೆ ಬರುತ್ತಿದ್ದ ದಿನಗಳವು. ಅವನ್ನು ತರುತ್ತಿದ್ದ ವರ್ತಕರಲ್ಲಿ ಹೆಚ್ಚಿನವರು ಮುಸ್ಲಿಮರು, ಕೊಳ್ಳುತ್ತಿದ್ದವರಲ್ಲಿ ವಿಜಯನಗರದ ಅರಸರು ಮುಂದಿದ್ದರು. ಪೋರ್ಚುಗೀಸ್ ವರ್ತಕ ನುನಿಜ್ ಬರೆದಿಟ್ಟಿರುವ ಒಂದು ಸಂಗತಿ ಕುತೂಹಲಕರವಾಗಿದೆ. ಸಾಳುವ ನರಸಿಂಹನು ಸಮುದ್ರದಲ್ಲಿ ಸತ್ತ ಕುದುರೆಗೂ ಬೆಲೆ ಕೊಡುತ್ತಿದ್ದನಂತೆ; ಪುರಾವೆಯಾಗಿ ಬಾಲವನ್ನು ತಂದು ತೋರಿಸಿದರೆ ಸಾಕಿತ್ತು. ದಾರಿಯಲ್ಲಿ ಎಷ್ಟು ಕುದುರೆಗಳು ಸಾಯುತ್ತಿದ್ದಿರಬೇಕೆಂಬುದನ್ನು ಈ ಒಂದು ವಿವರವೇ ಹೇಳುತ್ತದೆ. ಬದುಕಿ ದಡ ಸೇರಿದವುಗಳಿಗೆ ಕಾಲಡಿಯ ನೆಲವೂ ಹೊಸದು, ಹುಲ್ಲೂ ಹೊಸದು, ಮಳೆಗಾಲದ ಸೆಖೆಯೂ ಹೊಸದು. ಹಡಗಿನ ಒಡಲಲ್ಲಿ ದಿನಗಟ್ಟಲೆ ಅಲುಗಾಡುತ್ತಾ ನಿಂತು ಬಂದ ಆ ಕುದುರೆಗಳ ಬೆನ್ನ ಮೇಲೆ ಮೊದಲ ಸಲ ಜೀನಿಟ್ಟು ಪಟ್ಟಿ ಬಿಗಿದ ಲಾಯದಾಳುಗಳ ಹೆಸರುಗಳನ್ನು ಯಾರೂ ಬರೆದಿಡಲಿಲ್ಲ.