ಜೇಬಿನಲ್ಲೊಂದು ಬೆಳ್ಳಿ ತುರಿಮಣೆ

ಜಾಯಿಕಾಯಿ ಎಂದರೆ ನಮಗೆ ನೆನಪಾಗುವುದು ಅಜ್ಜಿಯ ತೇಯುವ ಕಲ್ಲು. ಹೊಟ್ಟೆ ಕೆಟ್ಟಾಗ ನಾಲ್ಕು ಸುತ್ತು ತೇದು, ಜೇನಿನಲ್ಲಿ ಕಲಸಿ ನೆಕ್ಕಿಸುತ್ತಿದ್ದರು. ಇದೇ ಕಾಯಿಗಾಗಿ 18ನೇ ಶತಮಾನದ ಇಂಗ್ಲೆಂಡಿನ ಸಿರಿವಂತರು ಜೇಬಿನಲ್ಲಿ ಬೆಳ್ಳಿಯ ಡಬ್ಬಿ ಇಟ್ಟುಕೊಂಡು ಓಡಾಡುತ್ತಿದ್ದರು ಎಂದರೆ ನಂಬುತ್ತೀರಾ?

ಮೊಟ್ಟೆಯಾಕಾರ, ಹೃದಯದಾಕಾರ, ಕೊಳವೆಯಾಕಾರ ಹೀಗೆ ನಾನಾ ಬಗೆಯ ಡಬ್ಬಿಗಳು. ಮುಚ್ಚಳ ತೆರೆದರೆ ಒಳಗೆ ಪುಟ್ಟ ತುರಿಮಣೆ, ಒಂದು ಜಾಯಿಕಾಯಿ ಹಿಡಿಸುವಷ್ಟು ಜಾಗ. ಪುಡಿ ಮಾಡಿಟ್ಟರೆ ಜಾಯಿಕಾಯಿಯ ಘಮ ಬೇಗ ಹೋಗುತ್ತದೆ. ಹಾಗಾಗಿ ‘ಪಂಚ್’ ಎಂಬ ಪಾನೀಯದ ಮೇಲೆ ಆಗಲೇ ತುರಿದು ಉದುರಿಸಿಕೊಳ್ಳುತ್ತಿದ್ದರು. ಐದು ಪದಾರ್ಥಗಳ ಆ ಪಾನೀಯಕ್ಕೆ ನಮ್ಮ ‘ಪಂಚ’ದಿಂದಲೇ ಹೆಸರು ಬಂತು ಎನ್ನುವವರೂ ಇದ್ದಾರೆ. ಸೀಸೆಯ ಬಿರಡೆ ತೆಗೆಯಲು ಬೆಳ್ಳಿಯ ಒರೆಯಿದ್ದ ಕಾರ್ಕ್‌ಸ್ಕ್ರೂ ಬೇರೆ. ಇವೆರಡನ್ನೂ ಸೇರಿಸಿ ಮಾಡಿದ ಸಾಧನಗಳೂ ಇದ್ದವು.

ಇಂದು ಇವನ್ನು ಸಂಗ್ರಹಿಸುವವರು ಮೊದಲು ನೋಡುವುದು ಬೆಳ್ಳಿಯ ಮೇಲಿನ ಮುದ್ರೆಗಳನ್ನು. ನಡೆಯುವ ಸಿಂಹವಿದ್ದರೆ ಶೇ. 92.5 ಶುದ್ಧತೆಯ ಬೆಳ್ಳಿ. ಲಂಗರಿದ್ದರೆ ಬರ್ಮಿಂಗ್‌ಹ್ಯಾಮ್‌ನಲ್ಲಿ ಪರೀಕ್ಷಿಸಿದ್ದು; ಅಲ್ಲಿನ ಪರೀಕ್ಷಾ ಕಚೇರಿ ಶುರುವಾದದ್ದು 1773ರಲ್ಲಿ. ಒಂದು ಅಕ್ಷರ ವರ್ಷ ಹೇಳುತ್ತದೆ, ಇನ್ನೆರಡು ಅಕ್ಷರ ತಯಾರಕನ ಹೆಸರು. ‘ಎಸ್.ಪಿ.’ ಎಂದಿದ್ದರೆ ಸ್ಯಾಮ್ಯುಯೆಲ್ ಪೆಂಬರ್ಟನ್ ಕೈಕೆಲಸವಿರಬಹುದು ಎಂದು ಕಣ್ಣರಳಿಸುತ್ತಾರೆ.

ಡಬ್ಬಿಯ ಊರು, ಕೇರಿ, ವಯಸ್ಸು ಎಲ್ಲವೂ ಸಿಕ್ಕಿತು. ಒಳಗಿದ್ದ ಕಾಯಿಯ ಊರು?

ಅದು ಇಂದಿನ ಇಂಡೋನೇಷ್ಯಾದ ಬಾಂಡಾ ದ್ವೀಪಗಳು. ಶತಮಾನಗಳ ಕಾಲ ಜಗತ್ತಿನ ಮಾರುಕಟ್ಟೆಗೆ ಜಾಯಿಕಾಯಿ ಹೋಗುತ್ತಿದ್ದದ್ದು ಅಲ್ಲಿಂದ. ಆ ವ್ಯಾಪಾರ ಪೂರ್ತಿ ತನಗೇ ಬೇಕೆಂದು ಹಟ ಹಿಡಿದ ಡಚ್ ಈಸ್ಟ್ ಇಂಡಿಯಾ ಕಂಪನಿ 1621ರಲ್ಲಿ ಯಾನ್ ಪೀಟರ್‌ಸೂನ್ ಕೂನ್ ನೇತೃತ್ವದಲ್ಲಿ ದಂಡೆತ್ತಿ ಬಂತು. ಊರಿನ 40ಕ್ಕೂ ಹೆಚ್ಚು ಮುಖಂಡರನ್ನು ಕೊಂದರು. ಸುಮಾರು 15,000 ಜನರಿದ್ದ ದ್ವೀಪಗಳಲ್ಲಿ ಕೊನೆಗೆ ಉಳಿದವರು ಸಾವಿರದಷ್ಟು ಎಂಬುದು ಇತಿಹಾಸಕಾರರ ಅಂದಾಜು. ಮಿಕ್ಕವರು ಕತ್ತಿಗೆ, ಹಸಿವಿಗೆ ಬಲಿಯಾದರು, ಇಲ್ಲವೇ ಓಡಿಹೋದರು, ಗುಲಾಮರಾದರು. ಅವರ ತೋಟಗಳಲ್ಲಿ ದುಡಿಯಲು ಬೇರೆಡೆಯಿಂದ ಗುಲಾಮರನ್ನು ತಂದರು. ಇಂಗ್ಲಿಷರು ಹಕ್ಕು ಹೇಳುತ್ತಿದ್ದ ಪುಟ್ಟ ರನ್ ದ್ವೀಪ 1667ರ ಬ್ರೆಡಾ ಒಪ್ಪಂದದಲ್ಲಿ ಡಚ್ಚರಿಗೆ ಉಳಿಯಿತು. ಇಂಗ್ಲಿಷರ ಕೈಗೆ ಉಳಿದದ್ದು ಮ್ಯಾನ್‌ಹಟನ್!

1796ರಲ್ಲಿ ಬ್ರಿಟಿಷರು ಬಾಂಡಾ ಹಿಡಿದು, ಸಸಿಗಳನ್ನು ಪೆನಾಂಗ್ ಮುಂತಾದ ಕಡೆ ಒಯ್ದ ಮೇಲೆ ಡಚ್ಚರ ಹಿಡಿತ ಸಡಿಲವಾಯಿತು. ಈಗ ಶಿರಸಿ, ಪುತ್ತೂರು ಕಡೆಯ ಅಡಿಕೆ ತೋಟಗಳಲ್ಲೂ ಜಾಯಿಕಾಯಿ ಬಿಡುತ್ತದೆ. ಪಂಚ್‌ನ ಶೋಕಿ ಹೋಯಿತು, ಬೆಳ್ಳಿ ಡಬ್ಬಿಗಳು ಹರಾಜಿಗೆ ಬಂದವು.

ಹಳೆಯ ವಸ್ತು ಕೂಡಿಡುವುದು ತಪ್ಪಲ್ಲ. ಅವು ಉಳಿದಿರುವುದರಿಂದಲೇ ಈ ಕತೆ ಕೇಳಲು ನಮಗೊಂದು ನೆಪ ಸಿಕ್ಕಿತು. ಆದರೆ ಆ ಡಬ್ಬಿಯ ಮೇಲೆ ಬೆಳ್ಳಿ ಕೆಲಸದವನ ಹೆಸರಿದೆ. ಕಾಯಿ ಬೆಳೆದವನ ಹೆಸರಿಲ್ಲ. ಅದನ್ನು ಪಕ್ಕದಲ್ಲಿ ಬರೆದಿಡುವುದು ನೋಡುವವರ ಕೆಲಸ.