ಜೂಜಿನಂಗಡಿ, ದಿನಸಿ ಅಂಗಡಿ ಮತ್ತು ಬಡ ಬಡಾವಣೆಗಳು (ಬ್ರಿಟನ್)

ಬ್ರಿಟನ್ನಿನಲ್ಲಿ ಕುದುರೆ, ನಾಯಿ ಓಟಗಳ ಮೇಲೆ ಬಾಜಿ ಕಟ್ಟಿಸಿಕೊಳ್ಳುವ ಪೇಟೆಬೀದಿಯ ಅಂಗಡಿಗಳು 1961ರ ಮೇ 1ರಂದು ಕಾನೂನುಬದ್ಧವಾದವು. ಇವು ಬಡವರ ಬೀದಿಗಳಲ್ಲೇ ಹೆಚ್ಚಾಗಿ ನೆಲೆಯೂರಿರುವುದು ಅಂಕಿ ಅಂಶಗಳಿಂದ ಸ್ಪಷ್ಟವಾಗಿದೆ. ಆದಾಯ, ಉದ್ಯೋಗ, ಆರೋಗ್ಯ, ಶಿಕ್ಷಣ, ವಸತಿ ಮುಂತಾದವುಗಳ ಕೊರತೆಯನ್ನು ಅಳೆದು ಪ್ರದೇಶಗಳನ್ನು ಹತ್ತು ಪಾಲು ಮಾಡುವ ಪದ್ಧತಿ ಅಲ್ಲಿದೆ. ಬ್ರಿಸ್ಟಲ್ ವಿಶ್ವವಿದ್ಯಾಲಯದ 2021ರ ವರದಿಯ ಪ್ರಕಾರ ಜೂಜು ಕೇಂದ್ರಗಳಲ್ಲಿ ಶೇ. 21ರಷ್ಟು ಕಡುಬಡ ಪಾಲಿನಲ್ಲಿದ್ದರೆ, ತೀರ ಅನುಕೂಲಸ್ಥ ಪಾಲಿನಲ್ಲಿ ಇದ್ದದ್ದು ಶೇ. 2 ಮಾತ್ರ. ಸೂಪರ್‌ಮಾರ್ಕೆಟ್‌ಗಳ ಲೆಕ್ಕ ಶೇ. 10 ಮತ್ತು ಶೇ. 7. ಪೇಟೆ ಇದ್ದಲ್ಲಿ ಎಲ್ಲ ಅಂಗಡಿಗಳೂ ಇರುತ್ತವೆ ಎಂಬ ಸಮಾಧಾನ ಈ ಹೋಲಿಕೆಯ ಮುಂದೆ ನಿಲ್ಲುವುದಿಲ್ಲ.

ಬಡವರಿಗೆ ಜೂಜಿನ ಚಪಲ ಹೆಚ್ಚು ಎಂದು ಇದನ್ನು ವಿವರಿಸುವುದು ಅನ್ಯಾಯ. ಕಾನೂನಿನ ಪಾತ್ರ ದೊಡ್ಡದು. ಹೊಸ ಅಂಗಡಿಗೆ ಸ್ಥಳೀಯ ಬೇಡಿಕೆ ಇದೆಯೆಂದು ತೋರಿಸಬೇಕಿದ್ದ ನಿಯಮವನ್ನು 2005ರ ಜೂಜು ಕಾಯಿದೆ ತೆಗೆದುಹಾಕಿತು. ಇಂಗ್ಲೆಂಡಿನ ಕಟ್ಟಡ ಬಳಕೆಯ ನಿಯಮಗಳಲ್ಲಿ ಬ್ಯಾಂಕೂ ಬೆಟ್ಟಿಂಗ್ ಅಂಗಡಿಯೂ 2015ರವರೆಗೆ ಒಂದೇ ವರ್ಗ. ಹಾಗಾಗಿ ಬ್ಯಾಂಕ್ ಶಾಖೆ ಖಾಲಿಯಾದ ಮಳಿಗೆಗೆ ಬೆಟ್ಟಿಂಗ್ ಕಂಪನಿ ಯಾವ ಯೋಜನಾ ಅನುಮತಿಯೂ ಇಲ್ಲದೆ ಬಂದು ಕೂರಬಹುದಿತ್ತು. ಅದರ ಮೇಲೆ ಯಂತ್ರಗಳು. ರೂಲೆಟ್ ಆಡಿಸುವ ಯಂತ್ರದಲ್ಲಿ 20 ಸೆಕೆಂಡಿಗೊಮ್ಮೆ 100 ಪೌಂಡಿನವರೆಗೆ ಪಣ ಹಾಕಬಹುದಿತ್ತು, ಆದರೆ ಒಂದು ಅಂಗಡಿಗೆ ನಾಲ್ಕೇ ಯಂತ್ರ. ಹೆಚ್ಚು ಯಂತ್ರ ಬೇಕಾದ ಕಂಪನಿ ಅದೇ ಬೀದಿಯಲ್ಲಿ ಇನ್ನೊಂದು ಬಾಗಿಲು ತೆರೆಯಬೇಕಿತ್ತು. ಕಡಿವಾಣವೆಂದು ಹಾಕಿದ ಮಿತಿಯೇ ಹೀಗೆ ಅಂಗಡಿಗಳ ದಟ್ಟಣೆಗೆ ದಾರಿಯಾಯಿತು. ಪೂರ್ವ ಲಂಡನ್ನಿನ ನ್ಯೂಹ್ಯಾಮ್ ಇದಕ್ಕೆ ಹೆಸರಾದ ಪ್ರದೇಶ.

ದಿನಸಿ ವ್ಯಾಪಾರದ ಲೆಕ್ಕಾಚಾರವೇ ಬೇರೆ. ಸೂಪರ್‌ಮಾರ್ಕೆಟ್‌ಗೆ ವಿಶಾಲ ಜಾಗ, ಕಾರು ನಿಲ್ಲಿಸುವ ಮೈದಾನ, ಲಾರಿ ಬರುವ ದಾರಿ ಬೇಕು. ಬಾಜಿಗೆ ಇಕ್ಕಟ್ಟಿನ ಒಂದು ಕೋಣೆ ಸಾಕು. ಲೀಡ್ಸ್ ನಗರದ ಬಡ ಬಡಾವಣೆ ಸೀಕ್ರಾಫ್ಟ್‌ನಲ್ಲಿ 2000ದಲ್ಲಿ ಟೆಸ್ಕೊ ಎಂಬ ಸೂಪರ್‌ಮಾರ್ಕೆಟ್ ಕಂಪನಿಯ ದೊಡ್ಡ ಮಳಿಗೆ ತೆರೆದಾಗ ಸಂಶೋಧಕರು ಅಲ್ಲಿನ ಮನೆಗಳ ಊಟದ ಬದಲಾವಣೆಯನ್ನೇ ಅಧ್ಯಯನ ಮಾಡಲು ಮುಂದಾದರು. ಅಷ್ಟು ವಿಶೇಷ ಘಟನೆ ಅದಾಗಿತ್ತು.

ನ್ಯೂಹ್ಯಾಮ್ ಸ್ಥಳೀಯಾಡಳಿತ ಹೊಸ ಬೆಟ್ಟಿಂಗ್ ಅಂಗಡಿಯೊಂದಕ್ಕೆ ಪರವಾನಗಿ ನಿರಾಕರಿಸಿತಾದರೂ 2013ರಲ್ಲಿ ನ್ಯಾಯಾಲಯದಲ್ಲಿ ಸೋತಿತು. ಹಲವು ಸ್ಥಳೀಯಾಡಳಿತಗಳ ಒತ್ತಾಯದ ನಂತರ 2019ರ ಏಪ್ರಿಲ್ 1ರಿಂದ ಯಂತ್ರದ ಗರಿಷ್ಠ ಪಣ 2 ಪೌಂಡಿಗೆ ಇಳಿಯಿತು. ಅದೇ ವರ್ಷ ವಿಲಿಯಂ ಹಿಲ್ ಎಂಬ ಬೆಟ್ಟಿಂಗ್ ಕಂಪನಿ ಸುಮಾರು 700 ಅಂಗಡಿಗಳನ್ನು ಮುಚ್ಚುವ ಯೋಜನೆ ಪ್ರಕಟಿಸಿತು. 2005ರ ಕಾಯಿದೆಯ 153ನೇ ಕಲಮು ಮಾತ್ರ ಪರವಾನಗಿ ಅಧಿಕಾರಿಗಳು ಅನುಮತಿಯತ್ತಲೇ ಒಲವು ತೋರಬೇಕೆಂದು ವಿಧಿಸಿ, ಬೇಡಿಕೆಯನ್ನು ಪರಿಗಣಿಸುವುದನ್ನು ನಿಷೇಧಿಸಿತು.