ಕಂಪನಿ ಬದಲಾದರೂ ನಂಬರ್ ಉಳಿಯಲಿ: ಕುವೈತ್ ಸಿಮ್, ಊರಿನ ಸಿಮ್ ಬಗ್ಗೆ ತಿಳಿದಿರಬೇಕಾದದ್ದು

ಬ್ನೇದ್ ಅಲ್ ಗಾರ್ (ಕುವೈತ್): ಇಲ್ಲಿ ದುಡಿಯುವ ನಮ್ಮವರಲ್ಲಿ ಅನೇಕರ ಬಳಿ ಎರಡು ಸಿಮ್ ಇರುತ್ತದೆ. ಒಂದು ಇಲ್ಲಿನದು, ಇನ್ನೊಂದು ಊರಿನದು. ಎರಡೂ ಕಡೆ ಮೊಬೈಲ್ ಕಂಪನಿಗಳು ಕೈ ಬದಲಾಯಿಸಿವೆ. ಆದರೆ ಗ್ರಾಹಕರಿಗೆ ಆದ ಪರಿಣಾಮ ಮಾತ್ರ ಒಂದೇ ತರ ಅಲ್ಲ.

ಕುವೈತ್‌ನ ಮೂರು ಕಂಪನಿಗಳು

* ಝೈನ್: 1983ರಲ್ಲಿ ಎಂಟಿಸಿ ಆಗಿ ಆರಂಭ, 2007ರಲ್ಲಿ ಈಗಿನ ಹೆಸರು. 2010ರಲ್ಲಿ ಆಫ್ರಿಕಾದ 15 ದೇಶಗಳ ವ್ಯವಹಾರವನ್ನು ನಮ್ಮ ಭಾರ್ತಿ ಏರ್‌ಟೆಲ್‌ಗೆ 1,070 ಕೋಟಿ ಡಾಲರ್‌ಗೆ ಮಾರಿತು. 2017ರಲ್ಲಿ ಒಮಾನ್‌ಟೆಲ್ ಇದರ ಶೇ. 21.9 ಪಾಲು ಕೊಂಡಿತು.
* ಊರೇದು: 1999ರಲ್ಲಿ ವತನಿಯಾ ಹೆಸರಲ್ಲಿ ಸೇವೆ ಶುರು. 2007ರಲ್ಲಿ ಕತಾರ್‌ನ ಕ್ಯೂಟೆಲ್ ಬಹುಪಾಲು ಷೇರು ಕೊಂಡಿತು. 2014ರಲ್ಲಿ ಹೆಸರು ಬದಲು.
* ಎಸ್‌ಟಿಸಿ: 2008ರ ಡಿಸೆಂಬರ್‌ನಲ್ಲಿ ವಿವಾ ಹೆಸರಲ್ಲಿ ಸೇವೆ ಶುರು. 2016ರಲ್ಲಿ ಸೌದಿ ಟೆಲಿಕಾಂ ಹಿಡಿತಕ್ಕೆ, 2019ರಲ್ಲಿ ಎಸ್‌ಟಿಸಿ ಹೆಸರಿಗೆ.

ಮೂರರಲ್ಲೂ ನೆರೆದೇಶದ ಬಂಡವಾಳ ಬಂದರೂ ಈ ಮೂರು ಒಂದರೊಳಗೊಂದು ಸೇರಲಿಲ್ಲ. ಬೋರ್ಡ್ ಬದಲಾಯಿತು, ಗ್ರಾಹಕರ ನಂಬರ್ ಹಾಗೇ ಉಳಿಯಿತು. 9ರಿಂದ ಶುರುವಾದರೆ ಝೈನ್, 6 ಊರೇದು, 5 ಎಸ್‌ಟಿಸಿ ಎಂಬುದು ಹಳೆಯ ಲೆಕ್ಕ. 2013ರಲ್ಲಿ ನಂಬರ್ ಉಳಿಸಿಕೊಂಡೇ ಕಂಪನಿ ಬದಲಿಸುವ ಸೌಲಭ್ಯ ಬಂದ ಮೇಲೆ ಮೊದಲ ಅಂಕಿ ನೋಡಿ ಕಂಪನಿ ಹೇಳೋಕಾಗಲ್ಲ.

ಊರಲ್ಲಿ ಆದದ್ದು

ಕರ್ನಾಟಕದಲ್ಲಿ 98440ರಿಂದ ಶುರುವಾಗುತ್ತಿದ್ದ ಸ್ಪೈಸ್ ನಂಬರ್ ಹಲವರಿಗೆ ನೆನಪಿರಬಹುದು. 2008ರಲ್ಲಿ ಸ್ಪೈಸ್ ಐಡಿಯಾದ ಪಾಲಾಯಿತು. ಹಚ್ 2007ರಲ್ಲಿ ವೊಡಾಫೋನ್ ಕೈಗೆ ಹೋಯಿತು. 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂದು ದರ ಸಮರ ಶುರುವಾದ ಮೇಲೆ, 2018ರ ಆಗಸ್ಟ್ 31ಕ್ಕೆ ವೊಡಾಫೋನ್ ಮತ್ತು ಐಡಿಯಾ ಒಂದಾದವು. 2020ರಿಂದ ಅದೇ 'ವಿ'. 2019ರಲ್ಲಿ ಟಾಟಾ ಡೊಕೊಮೊ ಗ್ರಾಹಕರು ಏರ್‌ಟೆಲ್‌ಗೆ ಸೇರಿದರು. ಇವರ ನಂಬರ್‌ಗಳು ತಾವಾಗಿಯೇ ಹೊಸ ಕಂಪನಿಗೆ ಬಂದವು.

ಏರ್‌ಸೆಲ್ ಮತ್ತು ರಿಲಯನ್ಸ್ ಕಮ್ಯುನಿಕೇಷನ್ಸ್ ಕಥೆ ಬೇರೆ. ಇವು ವಿಲೀನವಾಗಲಿಲ್ಲ, ಸೇವೆಯನ್ನೇ ನಿಲ್ಲಿಸಿದವು. ಗ್ರಾಹಕರು ತಾವೇ ಪೋರ್ಟ್ ಮಾಡಿಸಿಕೊಳ್ಳಬೇಕಾಯಿತು. ಗಲ್ಫ್‌ನಲ್ಲಿ ಇದ್ದವರಿಗೆ ಇದೇ ದೊಡ್ಡ ತೊಡಕು: ಪೋರ್ಟ್ ಕೋಡ್ ಬರುವುದು ಹಳೆಯ ಸಿಮ್‌ಗೆ, ಅದರ ಅವಧಿ ಕರ್ನಾಟಕದಲ್ಲಿ ಈಗ 4 ದಿನ ಮಾತ್ರ, ಹೊಸ ಸಿಮ್‌ಗೆ ಗುರುತಿನ ಪರಿಶೀಲನೆಯೂ ಆಗಬೇಕು.

ನಂಬರ್ ಹೋದರೆ ಏನು ಕಷ್ಟ?

ಬ್ಯಾಂಕಿನ ಓಟಿಪಿ, ಆಧಾರ್, ಯುಪಿಐ ಎಲ್ಲವೂ ಆ ನಂಬರ್ ಮೇಲೇ ನಿಂತಿದೆ. ವಿದೇಶಿ ನಂಬರ್‌ನಲ್ಲಿ ಯುಪಿಐ ಬಳಸಲು 2023ರ ಜನವರಿಯಲ್ಲಿ ಮೊದಲು ಅವಕಾಶ ಕೊಟ್ಟ 10 ದೇಶಗಳಲ್ಲಿ ಸೌದಿ, ಯುಎಇ, ಕತಾರ್, ಒಮಾನ್ ಇದ್ದವು, ಕುವೈತ್ ಇರಲಿಲ್ಲ. ಬಂದ್ ಆದ ನಂಬರ್ ಕೆಲ ಕಾಲದ ನಂತರ ಬೇರೆಯವರಿಗೆ ಹೋಗುತ್ತದೆ.

ನೆನಪಿಡಿ

* ಊರಿನ ಸಿಮ್‌ನ ರೀಚಾರ್ಜ್ ತಪ್ಪಿಸಬೇಡಿ. 90 ದಿನ ಯಾವ ಬಳಕೆಯೂ ಇಲ್ಲದಿದ್ದರೆ ನಂಬರ್ ರದ್ದಾಗಬಹುದು.
* ಪೋರ್ಟ್ ಮಾಡಿಸುವುದಿದ್ದರೆ ರಜೆಗೆ ಹೋದಾಗಲೇ ಮುಗಿಸಿ. 1900ಕ್ಕೆ PORT ಎಂದು ಬರೆದು, ಜಾಗ ಬಿಟ್ಟು ನಂಬರ್ ಹಾಕಿ ಮೆಸೇಜ್ ಕಳಿಸಿದರೆ ಕೋಡ್ ಬರುತ್ತದೆ.
* ಬ್ಯಾಂಕ್ ಖಾತೆಗೆ ಇಮೇಲ್ ಕೂಡ ಜೋಡಿಸಿ.
* ಕುವೈತ್ ಸಿಮ್ ನಿಮ್ಮದೇ ಸಿವಿಲ್ ಐಡಿ ಮೇಲೆ ಇರಲಿ. ಕಂಪನಿ ಬದಲಿಸುವ ಮುನ್ನ ಬಾಕಿ ಬಿಲ್, ಕಂತಿನ ಫೋನ್ ಕರಾರು ನೋಡಿಕೊಳ್ಳಿ.

ಕಂಪನಿ ಮಾರಾಟವಾಯಿತು ಎಂಬ ಸುದ್ದಿಗೆ ಗಾಬರಿ ಬೇಡ. ಸೇವೆ ನಿಲ್ಲುತ್ತದೆ ಎಂಬ ಸುದ್ದಿ ಬಂದರೆ ಮಾತ್ರ ಒಂದು ದಿನವೂ ತಡ ಮಾಡಬೇಡಿ.